ಮನೆಮಾತಿಗೆ ಸರ್ಕಾರದ ಹಣ

ಮಕ್ಕಳು ಮನೆಯಲ್ಲಿ ತಾಯ್ನುಡಿಯನ್ನಾಡಿದರೆ ಸರ್ಕಾರ ದುಡ್ಡು ಕೊಡುತ್ತದೆ ಎಂದರೆ ನಮಗೆ ನಗು ಬಂದೀತು. ಐರ್ಲೆಂಡಿನಲ್ಲಿ ಇದು ನಡೆದ ಸಂಗತಿ. 1930ರ ದಶಕದಲ್ಲಿ ಅಲ್ಲಿನ ಸರ್ಕಾರ ಐರಿಷ್ ನುಡಿಯ ಸೀಮೆಗಳಲ್ಲಿ, ಶಾಲೆಗೆ ಹೋಗುವ ಮಗುವೊಂದಕ್ಕೆ ವರ್ಷಕ್ಕೆ 2 ಪೌಂಡು ಕೊಡತೊಡಗಿತು. ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಮಾತನಾಡಿಸಿ, ಮನೆಮಾತು ಐರಿಷೇ ಎಂದು ಮನಗಂಡ ಮೇಲೆಯೇ ಹಣ. ಆ ಯೋಜನೆ ಈಗ ಇಲ್ಲ.

ಇಂಥ ಏರ್ಪಾಡು ಏಕೆ ಬೇಕಾಯಿತು? 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಐರಿಷ್ ಆಡುತ್ತಿದ್ದ ಬಡವರಿಗೇ ಪೆಟ್ಟು ಹೆಚ್ಚು. ಉಳಿದವರು, ಹೊಟ್ಟೆಪಾಡಿಗೆ ಇಂಗ್ಲಿಷೇ ಗತಿಯೆಂದು ಮಕ್ಕಳೊಡನೆ ಅದನ್ನೇ ಆಡಿದರು. 1922ರಲ್ಲಿ ಐರಿಷಿಗೆ ರಾಷ್ಟ್ರಭಾಷೆಯ ಪಟ್ಟವೇನೋ ಸಿಕ್ಕಿತು. ಒಲೆಯ ಮುಂದೆ ಅದನ್ನಾಡುವ ಮನೆಗಳು ಮಾತ್ರ ಬಹುಮಟ್ಟಿಗೆ ಪಶ್ಚಿಮದ ಕಡಲಂಚಿನಲ್ಲಿ ಉಳಿದಿದ್ದವು. ಆ ಸೀಮೆಗಳಿಗೆ 'ಗೇಲ್ತಖ್ತ್' ಎಂದು ಹೆಸರು.

ಸರ್ಕಾರದ ನೆರವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಬೇಸಗೆಯ ಶಿಬಿರಗಳದು. ಪಟ್ಟಣದ ಹುಡುಗ ಹುಡುಗಿಯರು ಶಾಲೆಯ ರಜೆಯಲ್ಲಿ ಸುಮಾರು ಮೂರು ವಾರ ಗೇಲ್ತಖ್ತಿನ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಬೆಳಗ್ಗೆ ಪಾಠ, ಮಧ್ಯಾಹ್ನ ಆಟ, ರಾತ್ರಿ ಕುಣಿತ, ಎಲ್ಲವೂ ಐರಿಷಿನಲ್ಲಿ. ಊಟಕ್ಕೆ ಉಪ್ಪು ಬೇಕಾದರೂ ಐರಿಷಿನಲ್ಲೇ ಕೇಳಬೇಕು. ಊಟ ಬಡಿಸುವಾಕೆಯನ್ನು 'ಬ್ಯಾನ್ ಅನ್ ಟೀ' ಎನ್ನುತ್ತಾರೆ, ಅಂದರೆ ಮನೆಯೊಡತಿ. ಆಕೆಗೆ ಸರ್ಕಾರ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಲೆಕ್ಕ ಹಾಕಿ ಸಹಾಯಧನ ಕೊಡುತ್ತದೆ. ಅದಕ್ಕೆ ಮೊದಲು ಮನೆಯವರ ಐರಿಷ್ ಹೇಗಿದೆಯೆಂದು ಪರೀಕ್ಷಿಸುವುದೂ ಉಂಟು. ಕೊರೋನಾ ಪಿಡುಗಿನಿಂದ 2020 ಮತ್ತು 2021ರ ಬೇಸಗೆಗಳಲ್ಲಿ ಈ ಮನೆಗಳಿಗೆ ಮಕ್ಕಳು ಬರಲಿಲ್ಲ.

ಹಣದ ಮೂಲಗಳಲ್ಲೊಂದು ಲಾಟರಿ. 1986ರ ಕಾಯಿದೆಯ ಕಾಲದಿಂದಲೂ ರಾಷ್ಟ್ರೀಯ ಲಾಟರಿಯ ಆದಾಯದಲ್ಲೊಂದು ಪಾಲು ಕ್ರೀಡೆ, ಕಲೆ, ಆರೋಗ್ಯಗಳ ಜೊತೆಗೆ ಐರಿಷ್ ಭಾಷೆಗೂ ಸಲ್ಲುತ್ತದೆ.

ರೇಡಿಯೋ ಕೇಳುವ ನಾವು ಇನ್ನೊಂದನ್ನು ತಿಳಿಯಬೇಕು. ಡಬ್ಲಿನ್ನಿನ ನಿಲಯ 1926ರಲ್ಲೇ ಆರಂಭವಾಯಿತು. ಗೇಲ್ತಖ್ತಿನವರಿಗೆ ತಮ್ಮದೆಂಬ ನಿಲಯ ಇರಲಿಲ್ಲ. 1970ರಲ್ಲಿ ಕಾನಮಾರಾದ ಯುವಕರು ಲೈಸೆನ್ಸೇ ಇಲ್ಲದೆ ಪ್ರಸಾರ ಮಾಡಿಬಿಟ್ಟರು. 1972ರಲ್ಲಿ 'ರೇಡಿಯೋ ನಾ ಗೇಲ್ತಖ್ತ' ಸರ್ಕಾರದ ಖರ್ಚಿನಲ್ಲೇ ಬಂತು. ಕೇಳದೆ ಕೊಟ್ಟದ್ದಲ್ಲ.

ಇಷ್ಟೆಲ್ಲದರ ಫಲ? 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು ಸುಮಾರು 18 ಲಕ್ಷ 70 ಸಾವಿರ. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ ಮಾತ್ರ. ಕಲಿಸುವುದಕ್ಕೆ ಹಣ ಸಾಕಾಯಿತು. ಆಡಿಸುವುದಕ್ಕೆ ಸಾಲಲಿಲ್ಲ ಎನ್ನಬೇಕು.

ಈಗಿನ ತೊಡಕು ಬೇರೆ ಬಗೆಯದು. ಚೆಲುವಾದ ಆ ಕಡಲತೀರಕ್ಕೆ ಪ್ರವಾಸಿಗಳು ಬಂದಷ್ಟೂ ಊರಿಗೆ ಲಾಭವೇ. ಆದರೆ ಹೊರಗಿನವರು ರಜೆ ಕಳೆಯಲೆಂದು ಮನೆಗಳನ್ನು ಕೊಂಡು ಬೆಲೆ ಏರಿಸಿರುವುದರಿಂದ, ಊರಿನ ಹೊಸ ದಂಪತಿಗಳಿಗೆ ಅಲ್ಲಿ ಸೂರು ಸಿಗುವುದು ಕಷ್ಟವಾಗಿದೆ. ಅವರು ಗಾಲ್ವೇ ನಗರಕ್ಕೆ ಹೋಗಿ ನೆಲೆಸಿದರೆ, ನೆರೆಮನೆಯ ಮಕ್ಕಳೊಡನೆ ಅವರ ಮಕ್ಕಳು ಆಡುವುದು ಇಂಗ್ಲಿಷನ್ನೇ.