ಹಳೇ ಪಿಕಪ್: ಗ್ಯಾರೇಜಿನ ಮಾತೆಷ್ಟು, ದಿಟವೆಷ್ಟು?

ಕಬ್ಬಿನ ಹಂಗಾಮು ಮುಗಿದ ಮೇಲೆಯೇ ನಮ್ಮ ಕಡೆ ಗಾಡಿ ರಿಪೇರಿಗೆ ಬಿಡಲು ಪುರುಸೊತ್ತು. ಮಹಾಲಿಂಗಪುರದ ಪೇಟೆಗೆ ಬೆಲ್ಲ, ಬನಹಟ್ಟಿಯ ಮಗ್ಗಗಳಿಗೆ ನೂಲು, ಅಲ್ಲಿಂದ ಸೀರೆ ಗಂಟು, ತೋಟದ ಅರಿಶಿಣ, ಅಂಗಡಿಯಿಂದ ಹೊಲಕ್ಕೆ ಗೊಬ್ಬರದ ಚೀಲ. ಇಷ್ಟನ್ನೂ ಹೊತ್ತು ಸವೆದ ಬೊಲೆರೊ ಪಿಕಪ್, ಟಾಟಾ 207, ಟಾಟಾ ಏಸ್‌ಗಳು ತೇರದಾಳ, ಜಮಖಂಡಿ, ಮುಧೋಳ, ಬೀಳಗಿಯ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿವೆ. ಹೊಸ ಪಿಕಪ್ ಎಂದರೆ ಹತ್ತು ಲಕ್ಷದ ಆಸುಪಾಸು. ಹಾಗಾಗಿ ಹಳೆಯದನ್ನೇ ರೆಡಿ ಮಾಡಿಸೋಣ ಎಂಬ ಲೆಕ್ಕ ತಪ್ಪಲ್ಲ. ತಪ್ಪುವುದು ದುಡ್ಡನ್ನು ಎಲ್ಲಿ ಹಾಕಬೇಕು ಎಂಬ ಲೆಕ್ಕ. ಗ್ಯಾರೇಜಿನ ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ನಂಬಿಕೆ 1: “ಹದಿನೈದ ವರ್ಷ ಆತಂದ್ರ ಗಾಡಿ ಗುಜರಿಗೇ.”

ಸತ್ಯ: ಈ ಮಾತು ದಿಲ್ಲಿಯಿಂದ ಬಂದದ್ದು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇರಿದ ನಿರ್ಬಂಧ ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗುಜರಿ ನೀತಿಗೆ ಚಾಲನೆ ಕೊಟ್ಟಾಗ ಅದೇ ಮಾತಿಗೆ ಇನ್ನಷ್ಟು ರೆಕ್ಕೆ ಬಂತು. ಆದರೆ ಹದಿನೈದು ವರ್ಷಕ್ಕೆ ಕಡ್ಡಾಯವಾಗಿ ನಿವೃತ್ತಿಯಾಗುವುದು ಸರ್ಕಾರಿ ವಾಹನಗಳು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ನಮ್ಮ ಬಾಡಿಗೆ ಪಿಕಪ್‌ನ ಆಯುಷ್ಯ ನಿರ್ಧರಿಸುವುದು ಫಿಟ್‌ನೆಸ್, ಅಂದರೆ ನಮ್ಮ ಮಾತಿನ ‘ಪಾಸಿಂಗ್’. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಪಾಸಿಂಗ್ ಆಗಬೇಕು. ಪಾಸಾದರೆ ಓಡಿಸಬಹುದು, ಆಗದಿದ್ದರೆ ಇಲ್ಲ. ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲು ಜಮಖಂಡಿಯ ಸಾರಿಗೆ ಕಚೇರಿಯಲ್ಲಿ ನಿಮ್ಮ ಗಾಡಿಯ ತೆರಿಗೆ, ಶುಲ್ಕ, ಬಾಕಿ ದಂಡ ಎಷ್ಟೆಂದು ಕೇಳಿಕೊಳ್ಳಿ. ಕಾಗದದ ಖರ್ಚು ಸೇರಿಸದ ರಿಪೇರಿ ಲೆಕ್ಕ ಅರ್ಧ ಲೆಕ್ಕ.

ನಂಬಿಕೆ 2: “ಎರಡ ಪಾಟಾ ಜಾಸ್ತಿ ಹಾಕಸ್ರಿ, ಎರಡ ಟನ್ ಆರಾಮ ಹೊರತೈತಿ.”

ಸತ್ಯ: ಹೆಚ್ಚು ಜನರ ದುಡ್ಡು ಹಾಳಾಗುವುದು, ಹೆಚ್ಚು ಅಪಘಾತಕ್ಕೆ ದಾರಿಯಾಗುವುದು ಈ ಮಾತಿನಿಂದ. ಪಾಟಾ, ಅಂದರೆ ಲೀಫ್ ಸ್ಪ್ರಿಂಗಿನ ಪಟ್ಟಿ ಹೆಚ್ಚಿಸಿದರೆ ಗಾಡಿ ಹಿಂದೆ ಕುಸಿಯುವುದಿಲ್ಲ, ಅಷ್ಟೇ. ಆ್ಯಕ್ಸಲ್, ಬೇರಿಂಗ್, ಟೈರ್, ಚಾಸಿಸ್, ಬ್ರೇಕ್ ಎಲ್ಲವೂ ಹಳೆಯ ಅಳತೆಯವೇ. ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಶಕ್ತಿಯೇ ಗಾಡಿಯ ಶಕ್ತಿ.

ಒಂದು ಲೆಕ್ಕ ನೋಡಿ. ಖಾಲಿ ಇದ್ದಾಗ 1,600 ಕಿಲೋ ತೂಗುವ, 1,200 ಕಿಲೋ ಹೊರಲು ಮಾಡಿದ ಗಾಡಿಯ ಒಟ್ಟು ತೂಕ 2,800 ಕಿಲೋ. ಅದಕ್ಕೆ 2,400 ಕಿಲೋ ಹೇರಿದರೆ ಒಟ್ಟು 4,000. ಅದೇ ವೇಗದಲ್ಲಿ ಅದನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು ಶೇ. 43ರಷ್ಟು ಹೆಚ್ಚು. ಆ ಶಕ್ತಿಯೆಲ್ಲ ಶಾಖವಾಗಿ ಅದೇ ಹಳೆಯ ಡ್ರಮ್ಮಿನಲ್ಲಿ ಇಳಿಯಬೇಕು.

ಇನ್ನೊಂದು ಸಂಗತಿ ಅನೇಕ ಮಿಸ್ತ್ರಿಗಳೂ ಗಮನಿಸುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆ್ಯಕ್ಸಲ್‌ಗೂ ಚಾಸಿಸ್‌ಗೂ ನಡುವೆ ಕಡ್ಡಿಯೊಂದಕ್ಕೆ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಹೇರಿನಿಂದ ಗಾಡಿ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಹೆಚ್ಚಿನ ಪಾಟಾದಿಂದ ಗಾಡಿ ಕುಸಿಯದೇ ಇದ್ದಾಗ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ! ಹೇರು ತುಂಬಿರುವಾಗಲೇ ಹಿಂದಿನ ಬ್ರೇಕ್ ಸೋಮಾರಿಯಾಗುತ್ತದೆ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕ ಪಾಟಾ ಹಾಕಿಸಿದ್ದರಿಂದ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಮುರಿದ, ಸೋತ ಪಾಟಾ ಬದಲಿಸಿ, ಬುಷ್ ಹೊಸದು ಹಾಕಿಸಿ. ಸಂಖ್ಯೆ ಮಾತ್ರ ಕಂಪನಿ ಕೊಟ್ಟಷ್ಟೇ ಇರಲಿ.

ನಂಬಿಕೆ 3: “ನಮ್ಮ ಕಡೆ ಸಮುದ್ರ ಇಲ್ಲ, ಜಂಗ್ ಎಲ್ಲಿಂದ ಹಿಡೀತೈತಿ?”

ಸತ್ಯ: ಜಂಗ್ ಹಿಡಿಯಲು ಸಮುದ್ರವೇ ಬೇಕಿಲ್ಲ, ಉಪ್ಪು ಮತ್ತು ತೇವ ಸಾಕು. ನಾವು ಹೇರುವ ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲದಿಂದ ಸೋರಿದ ಪುಡಿ ತೊಟ್ಟಿಯ ಸಂದಿಯಲ್ಲಿ ಕೂತು ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದರ ಮೇಲೆ ಬೆಲ್ಲದ ಅಂಟು, ಗದ್ದೆಯ ಎರೆಮಣ್ಣು. ಎರೆಮಣ್ಣು ಒಮ್ಮೆ ಚಾಸಿಸ್ಸಿನ ಮಡಿಕೆಯೊಳಗೆ ಸೇರಿದರೆ ವಾರಗಟ್ಟಲೆ ತೇವ ಬಿಡುವುದಿಲ್ಲ. ಹೊರಗೆ ಮಿರಿಮಿರಿ ಬಣ್ಣ ಇದ್ದರೂ ಒಳಗಿಂದ ತಗಡು ಹುರಿದ ಹಪ್ಪಳದಂತಾಗಿರುತ್ತದೆ.

ಇದಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿಯಿದೆ. ಆ ಎಣ್ಣೆ ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆಗೆ ತೊಳೆದು ನಮ್ಮದೇ ಹೊಲಕ್ಕೆ ಇಳಿಯುತ್ತದೆ. ಗೊಬ್ಬರ ಹೇರಿದ ದಿನವೇ ತೊಟ್ಟಿಯನ್ನೂ ಅಡಿಯನ್ನೂ ನೀರು ಹೊಡೆದು ತೊಳೆಯುವುದು, ಜಂಗನ್ನು ಲೋಹದ ಬ್ರಷ್ಷಿನಿಂದ ಪೂರ್ತಿ ಕೆರೆದು, ಪ್ರೈಮರ್ ಹಾಕಿ ಆಮೇಲೆ ಬಣ್ಣ ಕೊಡುವುದು, ಇದೇ ಸರಿಯಾದ ಕ್ರಮ. ಜಂಗಿನ ಮೇಲೆಯೇ ಬಳಿದ ಬಣ್ಣ ಗಿರಾಕಿಗೆ ತೋರಿಸಲು ಚೆಂದ, ಅಷ್ಟೇ.

ನಂಬಿಕೆ 4: “ಚಾಸಿಸ್ ಸೀಳಿದ್ರ ಏನಾತು, ವೆಲ್ಡಿಂಗ್ ಹೊಡದ್ರ ಮೊದಲಿನಕಿಂತ ಗಟ್ಟಿ.”

ಸತ್ಯ: ಬೆಸುಗೆ ಗಟ್ಟಿಯಿರಬಹುದು, ಅದರ ಪಕ್ಕದ ಉಕ್ಕು ಶಾಖಕ್ಕೆ ಗುಣಗೆಟ್ಟಿರುತ್ತದೆ. ಮುಂದಿನ ಸೀಳು ಹೊರಡುವುದು ಅಲ್ಲಿಂದಲೇ. ಸರಿಯಾಗಿ ಮಾಡುವವರು ಮೊದಲು ಸೀಳಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆಯುತ್ತಾರೆ. ಆಮೇಲೆ ಬೆಸೆದು, ಮೇಲೆ ಕೂಡಿಸುವ ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸುತ್ತಾರೆ. ಚೌಕ ತುದಿಯ ಪಟ್ಟಿ ಒತ್ತಡವನ್ನೆಲ್ಲ ಒಂದೇ ಗೆರೆಯ ಮೇಲೆ ತಂದು ನಿಲ್ಲಿಸುತ್ತದೆ. ವೆಲ್ಡಿಂಗ್ ಶುರುವಾಗುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಇಲ್ಲದಿದ್ದರೆ ಆಲ್ಟರ್ನೇಟರ್, ಇಸಿಯು ಸುಟ್ಟ ಖರ್ಚು ಬೇರೆ. ಇನ್ನು ಸೀಳು ಯಾಕೆ ಬಂತು ಎಂದು ಕೇಳಿದರೆ, ಉತ್ತರ ಬಹುಪಾಲು ಎರಡನೇ ನಂಬಿಕೆಯಲ್ಲೇ ಸಿಗುತ್ತದೆ.

ನಂಬಿಕೆ 5: “ಥರ್ಮೋಸ್ಟಾಟ್ ತಗದ ಒಗೀರಿ, ಎಂಜಿನ್ ತಂಪ ಇರತೈತಿ. ಕೂಲಂಟ್ ಯಾಕ, ಬೋರಿನ ನೀರ ಸಾಕು.”

ಸತ್ಯ: ಎಂಜಿನ್ನಿಗೆ ಅತಿ ತಂಪೂ ರೋಗವೇ. ಸಾಮಾನ್ಯವಾಗಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಥರ್ಮೋಸ್ಟಾಟ್ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಅರೆಬೆಂದ ಇಂಧನ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಇನ್ನೂ ಸೋಜಿಗವೆಂದರೆ, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ತಂಪಾಗಲೆಂದು ತೆಗೆದದ್ದು ಬೇಸಿಗೆಯ ಹೇರಿನಲ್ಲಿ ಕುದಿಸುತ್ತದೆ.

ಬೋರಿನ ಗಡಸು ನೀರಿನ ಗತಿ ಏನೆಂದು ಮನೆಯ ಬಿಸಿನೀರಿನ ಹಂಡೆಯ ಒಳಗೆ ಕಟ್ಟಿದ ಬಿಳಿ ಪೊರೆ ನೋಡಿದರೆ ಸಾಕು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕೂಲಂಟ್ ಬರೀ ಚಳಿ ಊರಿನ ಸರಕಲ್ಲ, ಅದರಲ್ಲಿ ಜಂಗ್ ತಡೆಯುವ ರಾಸಾಯನಿಕವಿದೆ, ಅದು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಟ್ಟುಕೊಳ್ಳುವುದೂ ಅದಕ್ಕೇ. ಹಳೇ ಗಾಡಿ ಕುದಿಯುತ್ತಿದ್ದರೆ ಮೊದಲು ಆ ಕಡಿಮೆ ಬೆಲೆಯ ಮುಚ್ಚಳ ಬದಲಿಸಿ ನೋಡಿ. ಬಿಸಿ ಇರುವಾಗ ಮಾತ್ರ ಅದಕ್ಕೆ ಕೈ ಹಚ್ಚಬೇಡಿ.

ನಂಬಿಕೆ 6: “ಹೊಗಿ ಬಂತಂದ್ರ ಎಂಜಿನ್ ಮುಗೀತು, ಬೋರ್ ಮಾಡಸ್ಬೇಕು.”

ಸತ್ಯ: ಹೊಗೆಯ ಬಣ್ಣ ನೋಡಿ ಮಾತಾಡಿ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೇ ಇರಬಹುದು, ಟರ್ಬೊ ಪೈಪ್ ಸೋರುತ್ತಿರಬಹುದು. ಸಿಲಿಂಡರಿನ ಬೋರಿಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅದಕ್ಕೆ ರಿಂಗ್, ವಾಲ್ವ್ ಸೀಲ್, ಟರ್ಬೊ ಮೂರೂ ಕಾರಣ ಆಗಬಹುದು. ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅದಿಲ್ಲದೆ ಬಿಚ್ಚುವ ಮಾತಾಡುವ ಮಿಸ್ತ್ರಿಯಿಂದ ಗಾಡಿ ವಾಪಸ್ ತನ್ನಿ.

ನಂಬಿಕೆ 7: “ಬ್ರೇಕ್ ಆಯಿಲ್ ಕಡಿಮಿ ಆದ್ರ ತುಂಬಿದ್ರ ಸಾಕು.”

ಸತ್ಯ: ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ತೇವ ಹೀರಿದ ಅದೇ ಆಯಿಲ್‌ಗೆ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಹೇರಿನ ಗಾಡಿ ಇಳಿಜಾರಿನಲ್ಲಿ ಮತ್ತೆಮತ್ತೆ ಬ್ರೇಕ್ ಒತ್ತಿದಾಗ ಆಯಿಲ್ ಕುದಿದು ಆವಿಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮಟ್ಟ ಕಡಿಮೆಯಾಗಿದ್ದರೆ ಲೈನಿಂಗ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಂಜಿನ್ ಆಯಿಲನ್ನಂತೂ ಅಲ್ಲಿ ಹಾಕಲೇಬೇಡಿ, ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ನಂಬಿಕೆ 8: “ಗಾಡಿ ನಂದು, ಸೈಡ್ ಎತ್ತರಸ್ತೀನಿ, ಹಿಂದ ಬೆಂಚ್ ಕೂಡಸ್ತೀನಿ.”

ಸತ್ಯ: ಗಾಡಿ ನಿಮ್ಮದೇ, ವಿನ್ಯಾಸ ನಿಮ್ಮದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಬಣ್ಣ ಬದಲಿಸಿದರೂ, ಎಂಜಿನ್ ಬದಲಿಸಿದರೂ ಆರ್‌ಸಿಯಲ್ಲಿ ದಾಖಲಾಗಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೋ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಜನರನ್ನು ಕೂರಿಸಲೆಂದು ಬೆಂಚು ಹಾಕಿಸುವವರಿಗೆ ಒಂದು ಮಾತು ತಿಳಿದಿರಲಿ. ಸರಕು ವಾಹನದ ಕಡ್ಡಾಯ ವಿಮೆ ಹೀಗೆ ಹಿಂದೆ ಕೂತ ಪ್ರಯಾಣಿಕರನ್ನು ಕಾಯುವುದಿಲ್ಲ. ಅಪಘಾತವಾದರೆ ಪರಿಹಾರದ ಹೊರೆ ಮಾಲೀಕರ ಹೊಲ-ಮನೆಯ ಮೇಲೆ ಬರಬಹುದು.

ನಂಬಿಕೆ 9: “ಸಾಂಗ್ಲಿ, ಮಿರಜದಾಗ ಸೋವಿ ಸಿಗತಾವು. ಎಂಎಚ್ ನಂಬರ್ ಇದ್ರೂ ನಡೀತೈತಿ.”

ಸತ್ಯ: ಗಡಿ ಹತ್ತಿರ, ದರ ಕಡಿಮೆ, ಎರಡೂ ನಿಜ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಲೇಬೇಕು. ಅದಕ್ಕೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಅದು ತೀರಿದ ಪತ್ರವೂ ಬೇಕು. ತೆರಿಗೆ ಆಯಾ ರಾಜ್ಯದ ವಿಷಯ, ಹಾಗಾಗಿ ಇಲ್ಲಿಯ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಚಾಸಿಸ್ ಮೇಲಿನ ನಂಬರನ್ನು ಮಣ್ಣು ಕೆರೆದು ಕಣ್ಣಾರೆ ಆರ್‌ಸಿಯೊಂದಿಗೆ ತಾಳೆ ನೋಡದೆ ಮುಂಗಡ ಕೊಡಬೇಡಿ.

ಕೊನೆಗೆ ದುಡ್ಡಿನ ಸರದಿ. ಮೊದಲು ಕಾಗದಪತ್ರ. ಎರಡನೆಯದು ಚಾಸಿಸ್, ಅದು ಕೊಳೆತಿದ್ದರೆ ಅಲ್ಲಿಗೇ ನಿಲ್ಲಿಸಿ, ಗಾಡಿಯನ್ನು ಗುಜರಿಗೆ ಕೊಡಿ. ಮೂರನೆಯದು ಬ್ರೇಕ್, ಸ್ಟೇರಿಂಗ್ ಮತ್ತು ಟೈರ್. ನಾಲ್ಕನೆಯದು ಕೂಲಿಂಗ್, ಐದನೆಯದು ಎಂಜಿನ್. ರಾತ್ರಿ ಕಬ್ಬಿನ ಟ್ರೇಲರುಗಳ ನಡುವೆ ಓಡಿಸುವವರು ಹೆಡ್‌ಲೈಟಿಗೆ ರಿಲೇ, ಹಿಂದೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಹಾಕಿಸಿ. ಬಣ್ಣ, ಸ್ಟಿಕ್ಕರ್, ಹಾರ್ನ್, ಹಾಡಿನ ಪೆಟ್ಟಿಗೆ ಎಲ್ಲಕ್ಕೂ ಕೊನೆಯ ಸರದಿ. ಎಷ್ಟು ಖರ್ಚು ಮಾಡಿದರೂ ಹಳೇ ಪಿಕಪ್ ತಾನು ಹೊಸದಿದ್ದಾಗ ಹೊತ್ತಷ್ಟನ್ನೇ ಹೊರಬಲ್ಲದು. ಅದಕ್ಕಿಂತ ಹೆಚ್ಚು ಹೊರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಕೀ ಕೊಡಬೇಡಿ.