ಉಡುವ ಬಟ್ಟೆಯ ಹಿಂದಿನ ಕೈಗಳು

ಜೂನ್ ತಿಂಗಳೆಂದರೆ ನಮ್ಮ ಕುಟುಂಬಗಳಲ್ಲಿ ಶುಲ್ಕ, ಪುಸ್ತಕ, ಸಮವಸ್ತ್ರಗಳ ಲೆಕ್ಕಾಚಾರದ ಕಾಲ. ಎಲ್ಲಿ ಅಗ್ಗವೋ ಅಲ್ಲಿಗೆ ಹೆಜ್ಜೆ ಹಾಕುವುದು ಸಹಜ. ಆ ಅಗ್ಗದ ಹಿಂದಿರುವ ದುಡಿಮೆಯನ್ನು ಕಣ್ಣಾರೆ ಕಂಡ ಯುವತಿಯೊಬ್ಬಳು ಈ ವರ್ಷ ಮತ್ತೆ ಕಾಲೇಜಿನ ಮೆಟ್ಟಿಲೇರಿದ್ದಾಳೆ.

ಮೈಸೂರಿನ ಲಕ್ಷ್ಮೀಪುರಂನ ಈ ವಿದ್ಯಾರ್ಥಿನಿ, ತಂದೆಯ ಅನಾರೋಗ್ಯದ ನಿಮಿತ್ತ ಜವಳಿ ವಿಷಯದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ಎರಡು ವರ್ಷ ನಗರದ ಹೊರವಲಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ದುಡಿದವಳು. ಗಂಟೆಗೆ ಇಷ್ಟು ಕಾಲರ್ ಎಂಬ ಗುರಿ. ತಪ್ಪಿದರೆ ಮೇಲ್ವಿಚಾರಕರ ಬೈಗುಳ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರನ್ನೇ ಕುಡಿಯದ ತಾಯಂದಿರು. “ಅಂಗಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಹೊಲಿದವರ ಹೆಸರು ಎಲ್ಲಿಯೂ ಇರುವುದಿಲ್ಲ” ಎಂದು ಆಕೆ ನಮ್ಮೊಡನೆ ನುಡಿದಳು. ನೂಲು, ಬಣ್ಣ, ನೇಯ್ಗೆಗಳ ಜೊತೆಗೆ ನ್ಯಾಯಯುತ ಖರೀದಿಯ ವಿಚಾರವನ್ನೂ ಅಭ್ಯಾಸ ಮಾಡಬೇಕೆಂಬುದು ಅವಳ ಹಂಬಲ.

ಈ ಹಂಬಲಕ್ಕೆ ಧರ್ಮಸಭೆಯ ಬೋಧನೆಯಲ್ಲಿ ಆಳವಾದ ಬೇರುಗಳಿವೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುವುದೆಂದು ಯಕೋಬನ ಪತ್ರದ 5ನೇ ಅಧ್ಯಾಯ ಎಚ್ಚರಿಸುತ್ತದೆ. 1891ರಲ್ಲಿ ಪೋಪ್ 13ನೇ ಲಿಯೋ ‘ರೇರುಂ ನೊವಾರುಂ’ ವಿಶ್ವಪರಿಪತ್ರದಲ್ಲಿ ನ್ಯಾಯವಾದ ಕೂಲಿಯನ್ನು ಎತ್ತಿಹಿಡಿದರು. ಕೊಳ್ಳುವ ಕ್ರಿಯೆಯೂ ನೈತಿಕ ಕ್ರಿಯೆಯೇ ಎಂದು ಪೋಪ್ 16ನೇ ಬೆನೆಡಿಕ್ಟ್ 2009ರಲ್ಲಿ ಬೋಧಿಸಿದರು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮಡಿದರು. ಬಿರುಕು ಹಿಂದಿನ ದಿನವೇ ಕಂಡಿತ್ತು; ಆದರೂ ಉಡುಪು ಕಾರ್ಮಿಕರನ್ನು ಒಳಗೆ ಕಳುಹಿಸಲಾಗಿತ್ತು. ಅವರಿಗೆ ದೊರೆಯುತ್ತಿದ್ದುದು ತಿಂಗಳಿಗೆ 38 ಯೂರೋ ಎಂದು ತಿಳಿದ ಪೋಪ್ ಫ್ರಾನ್ಸಿಸ್, ಅದೇ ಮೇ 1ರಂದು ಅದನ್ನು ಗುಲಾಮಗಿರಿಯೆಂದೇ ಕರೆದರು.

ನಮ್ಮ ಮೈಸೂರು ಬಟ್ಟೆಯ ಮೂಲವನ್ನು ಬಲ್ಲ ಊರು. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಯಿತು. ಅಲ್ಲಿನ ಪ್ರತಿ ಸೀರೆಗೂ ತನ್ನದೇ ಸಂಖ್ಯೆಯಿದೆ. ನಂಜನಗೂಡು ಬಳಿಯ ಬದನವಾಳು ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಭೇಟಿಯಿತ್ತಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳ ಪರವಾದ ಸತ್ಯಾಗ್ರಹಕ್ಕೆ ಅದೇ ನೆಲವನ್ನು ಆರಿಸಿಕೊಂಡರು. ಬಟ್ಟೆ ಎಲ್ಲಿ ನೇಯ್ದದ್ದೆಂದು ಹೇಳಬಲ್ಲ ನಾಡಿನಲ್ಲಿ, ಹೊಲಿದವರಿಗೆ ಸಂದದ್ದೆಷ್ಟು ಎಂದು ಕೇಳುವುದು ಅತಿಯಾಗದು.

ಹಾಗೆಂದು ಇದ್ದಷ್ಟರಲ್ಲಿ ಮಕ್ಕಳಿಗೆ ಬಟ್ಟೆ ಹೊಂದಿಸುವ ಬಡ ತಾಯಿಯ ಮೇಲೆ ಪಾಪದ ಹೊರೆ ಹೊರಿಸುವುದು ಸಲ್ಲದು. ಒಂದು ಅಂಗಿ ಕೊಳ್ಳುವವಳ ಪ್ರಶ್ನೆಗೆ ಅಂಗಡಿಯವನು ಉತ್ತರಿಸದಿರಬಹುದು. ಮುನ್ನೂರು ಅಂಗಿ ತರಿಸುವವರಿಗೆ ಉತ್ತರಿಸಲೇಬೇಕು. ಶಾಲೆಯ ಸಮವಸ್ತ್ರ, ಗಾಯನವೃಂದದ ಸೀರೆ, ಧರ್ಮಕೇಂದ್ರದ ಹಬ್ಬಕ್ಕೆ ಯುವಜನರ ಟೀ ಶರ್ಟು — ಇವೆಲ್ಲ ನಾವು ಒಟ್ಟಾಗಿ ಕೊಳ್ಳುವ ಬಟ್ಟೆಗಳು. ಅವುಗಳ ದರ ವಿಚಾರಿಸುವಾಗ ಹೊಲಿಯುವವರ ಕೂಲಿಯನ್ನೂ ವಿಚಾರಿಸೋಣ. ಬಡಾವಣೆಯ ದರ್ಜಿಗೆ ಕೆಲಸ ಕೊಡೋಣ. 2006ರಿಂದ ಬಳಕೆಯಲ್ಲಿರುವ ಕೈಮಗ್ಗದ ಮುದ್ರೆಯನ್ನು ಗುರುತಿಸಲು ಮಕ್ಕಳಿಗೆ ಕಲಿಸೋಣ. ಪ್ರಥಮ ಪರಮಪ್ರಸಾದದ ಬಿಳಿ ಉಡುಪು ಒಂದೇ ದಿನ ತೊಟ್ಟು ಪೆಟ್ಟಿಗೆ ಸೇರುವ ಬದಲು ಮತ್ತೊಂದು ಮಗುವಿನ ಮೈಮೇಲೆ ಬೆಳಗಲಿ.

ಲಕ್ಷ್ಮೀಪುರಂನ ನಮ್ಮ ಮಗಳು ಓದು ಮುಗಿಸಿ ಬರುವ ವೇಳೆಗೆ ನಮ್ಮ ಪಾಲನಾ ಸಮಿತಿಗಳು ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿರಲಿ ಎಂಬುದು ನಮ್ಮ ಆಶಯ.