ಗುಟುರು ಹಾಕುವ ಚರ್ಮ

ಈ ಸದ್ದು ಮೊದಲು ಎದೆಗೆ ತಾಕುತ್ತದೆ, ಆಮೇಲೆ ಕಿವಿಗೆ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಅಕ್ಕ-ತಂಗಿ ಭೇಟಿ ಉತ್ಸವದ ರಾತ್ರಿ ನಿಂತು ನೋಡಿ. ತಿಪ್ಪಿನಘಟ್ಟಮ್ಮ ಒಂದು ಕಡೆಯಿಂದ, ಬರಗೇರಮ್ಮ ಇನ್ನೊಂದು ಕಡೆಯಿಂದ ಹೊರಟು ಬರುತ್ತಾರೆ. ಮುನಿಸಿಕೊಂಡ ಈ ಅಕ್ಕ-ತಂಗಿ ದೇವತೆಯರು ಎದುರುಬದುರಾಗುವುದು ವರ್ಷಕ್ಕೆ ಒಂದು ಸಲ, ಅದೂ ಕೆಲವೇ ಕ್ಷಣ. ಆ ಕ್ಷಣಕ್ಕಾಗಿ ಇಡೀ ಪೇಟೆ ಮಾಳಿಗೆ, ಜಗಲಿ, ಕಿಟಕಿಗಳಲ್ಲಿ ತುಂಬಿಕೊಂಡು ಕಾಯುತ್ತಿರುತ್ತದೆ. ತಮಟೆಗಳು ಬಿರುಸಾಗಿ ಬಡಿಯುತ್ತಿವೆ, ಜನ ಕೂಗುತ್ತಿದ್ದಾರೆ, ಕಹಳೆ ಕೇಳುತ್ತಿದೆ. ಇದೆಲ್ಲದರ ಅಡಿಯಿಂದ, ನೆಲದೊಳಗಿಂದಲೇ ಎಂಬಂತೆ, ಒಂದು ಗುಟುರು ಏಳುತ್ತದೆ: ಉಂವ್... ಉರ್‍ರ್... ಉಂವ್ವ್! ಅದು ಪೆಟ್ಟಿನ ಸದ್ದಲ್ಲ. ಪೆಟ್ಟು ಬಿದ್ದ ಕೂಡಲೇ ಮುಗಿಯುತ್ತದೆ. ಇದು ಮುಗಿಯುವುದಿಲ್ಲ, ಎಳೆದುಕೊಂಡು ಹೋಗುತ್ತದೆ, ಮೇಲೇರುತ್ತದೆ, ಬಾಗುತ್ತದೆ, ಕೆಳಗಿಳಿದು ಮತ್ತೆ ಏಳುತ್ತದೆ. ಚರ್ಮವಾದ್ಯ ಹೀಗೆ ಹಾಡಬಲ್ಲದೇ?

ಹಾಡಬಲ್ಲದು. ಅದರ ಹೆಸರು ಉರುಮೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ದೇವರ ಮೆರವಣಿಗೆಗಳಲ್ಲಿ, ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳ ಹಬ್ಬಗಳಲ್ಲಿ ಇದರ ದನಿ ಇದ್ದೇ ಇರುತ್ತದೆ. ಜಗತ್ತಿನ ದೊಡ್ಡ ತಾಳವಾದ್ಯಗಾರರ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸೀಮೆಯ ಉರುಮೆಯವರು. ಯಾಕೆಂದು ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಆ ವಾದ್ಯವನ್ನು ಹತ್ತಿರದಿಂದ ನೋಡಬೇಕು.

ಎರಡು ಮುಖ, ನಡು ಸಣ್ಣ. ದೊಡ್ಡದೊಂದು ಡಮರುಗದ ಆಕಾರ. ಎರಡು ಬಾಯಿಯ ಚರ್ಮವನ್ನೂ ಹಗ್ಗ ಬಿಗಿದು ಹಿಡಿದಿರುತ್ತದೆ. ಕೊರಳಿಗೆ ಪಟ್ಟಿ ಹಾಕಿ, ಹೊಟ್ಟೆಯ ಮುಂದೆ ಅಡ್ಡಡ್ಡ ಇಳಿಬಿಟ್ಟುಕೊಳ್ಳುತ್ತಾರೆ. ಒಂದು ಕೈಯಲ್ಲಿ ನೇರವಾದ ಕಡ್ಡಿ, ಅದರ ಕೆಲಸ ಹೊಡೆಯುವುದು. ಇನ್ನೊಂದು ಕೈಯಲ್ಲಿ ತುದಿ ಬಾಗಿದ ಕಡ್ಡಿ. ಬೆರಗು ಶುರುವಾಗುವುದೇ ಇಲ್ಲಿ! ಆ ಕಡ್ಡಿ ಹೊಡೆಯುವುದಿಲ್ಲ, ಉಜ್ಜುತ್ತದೆ. ಹರಳೆಣ್ಣೆಯಂಥ ಅಂಟು ಸವರಿದ ಚರ್ಮದ ಮೇಲೆ ಅದರ ತುದಿಯನ್ನು ಒತ್ತಿ ಎಳೆಯುತ್ತಾರೆ. ಎಳೆದ ಗುರುತು ಚರ್ಮದ ಮೇಲೆ ಮಿರುಗುವ ಗೆರೆಯಾಗಿ ಕೂತಿರುತ್ತದೆ. ಹಳೆಯ ಉರುಮೆಯಲ್ಲಿ ಆ ಗೆರೆ ಸವೆದು ಕಪ್ಪಾಗಿ, ಅದೇ ಒಂದು ದಾರಿಯಾಗಿಬಿಟ್ಟಿರುತ್ತದೆ. ನುರಿತ ಕೈಗೆ ಆ ದಾರಿ ನೋಡುವ ಅಗತ್ಯವೇ ಇಲ್ಲ. ಅವರ ಕಣ್ಣು ದೇವರ ಮೇಲಿರುತ್ತದೆ, ಇಲ್ಲವೆ ಕುಣಿಯುವವರ ಕಾಲಿನ ಮೇಲೆ.

ಉಜ್ಜಿದರೆ ಗುಟುರು ಹೇಗೆ ಹುಟ್ಟುತ್ತದೆ? ಕಡ್ಡಿ ಚರ್ಮವನ್ನು ಹಿಡಿದು ತನ್ನ ಜೊತೆ ಜಗ್ಗಿಕೊಂಡು ಹೋಗುತ್ತದೆ. ಚರ್ಮ ಕೂದಲೆಳೆಯಷ್ಟು ಬರುತ್ತದೆ, ಮುಂದೆ ಬರಲಾರದೆ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಕಡ್ಡಿ ಅದನ್ನು ಮತ್ತೆ ಹಿಡಿಯುತ್ತದೆ. ಹಿಡಿ, ಜಾರು, ಹಿಡಿ, ಜಾರು. ಕಣ್ಣಿಗೆ ಕಾಣದ ಈ ಜಗ್ಗಾಟ ರೆಪ್ಪೆ ಮಿಟುಕಿಸುವುದರೊಳಗೆ ಎಷ್ಟೋ ಸಲ ನಡೆದುಹೋಗಿರುತ್ತದೆ. ಒತ್ತಡ ಹೆಚ್ಚಿಸಿದರೆ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ!

ಇದನ್ನು ಯೋಚಿಸುತ್ತಿದ್ದಾಗ ಸಿ.ವಿ. ರಾಮನ್ ನೆನಪಾಗಿ ಕೂತಲ್ಲೇ ರೋಮಾಂಚನವಾಯಿತು. ಕಮಾನಿಗೆ ಸಿಕ್ಕ ತಂತಿ ಹೇಗೆ ಕಂಪಿಸುತ್ತದೆ ಎಂಬುದರ ಮೇಲೆ ಅವರು 1918ರಲ್ಲಿ ದೊಡ್ಡ ಪ್ರಬಂಧ ಬರೆದರು. ಎರಡು ವರ್ಷದ ಮೇಲೆ, 1920ರಲ್ಲಿ, ಶಿವಕಾಳಿ ಕುಮಾರ್ ಜೊತೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ನಮ್ಮ ಮೃದಂಗ-ತಬಲಗಳ ಗುಟ್ಟು ಬಿಡಿಸಿದರು. ಬರಿಯ ಚರ್ಮವನ್ನು ಬಡಿದರೆ ಏಳುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅದು ಸದ್ದಾಗಿಯೇ ಉಳಿಯುತ್ತದೆ. ನಡುವೆ ಮೆತ್ತಿದ ಕಪ್ಪು ಕರಣೆಯ ಭಾರ ಆ ಕಂಪನಗಳನ್ನು ಒಂದು ಶ್ರುತಿಯ ಸಾಲಿಗೆ ತರುತ್ತದೆ, ಆಗ ಸದ್ದು ಸ್ವರವಾಗುತ್ತದೆ. ಕಮಾನು ಒಂದು ಒಗಟು, ಚರ್ಮ ಇನ್ನೊಂದು. ರಾಮನ್ ಬೇರೆಬೇರೆಯಾಗಿ ಕೈಗೆತ್ತಿಕೊಂಡ ಆ ಎರಡೂ ಒಗಟು ಹಿರಿಯೂರು ಸೀಮೆಯ ಕಲಾವಿದನೊಬ್ಬನ ಹೊಟ್ಟೆಯ ಮುಂದೆ ಒಂದೇ ವಾದ್ಯದಲ್ಲಿ ಕೂಡಿಕೊಂಡಿವೆ. ಒಂದು ಬಾಯಿಯಲ್ಲಿ ಪೆಟ್ಟು, ಇನ್ನೊಂದು ಬಾಯಿಯಲ್ಲಿ ಕಮಾನು!

ದೂರದ ಬ್ರೆಜಿಲ್ಲಿನಲ್ಲೂ ಇದರ ದಾಯಾದಿಯೊಂದಿದೆ. ಕುಯಿಕಾ ಎಂಬ ಆ ವಾದ್ಯದಲ್ಲಿ ಚರ್ಮಕ್ಕೆ ಒಳಗಿನಿಂದ ಕಟ್ಟಿದ ಕಡ್ಡಿಯನ್ನು ಒದ್ದೆ ಬಟ್ಟೆಯಿಂದ ತೀಡುತ್ತಾರೆ. ಸಾಂಬಾ ಮೆರವಣಿಗೆಯಲ್ಲಿ ಅದು ಕಿರುಚುತ್ತದೆ, ನಗುತ್ತದೆ, ಅಳುತ್ತದೆ. ಆದರೆ ಉರುಮೆಯ ಹಾಗೆ ಒಂದು ಕೈಗೆ ಹೊಡೆತ, ಇನ್ನೊಂದಕ್ಕೆ ಉಜ್ಜಾಟ ಎಂಬ ಜೋಡಿ ದುಡಿಮೆ ಅದಕ್ಕಿಲ್ಲ.

ದೊಡ್ಡ ತಾಳವಾದ್ಯಗಾರರನ್ನು ನಾವು ಯಾತಕ್ಕೆ ಮೆಚ್ಚುತ್ತೇವೆ? ವೇಗಕ್ಕೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಳನಿ ಸುಬ್ರಹ್ಮಣ್ಯ ಪಿಳ್ಳೆ ಎಡಗೈ ಮೃದಂಗಗಾರರು. ರಸಿಕರು ಅವರ ಲೆಕ್ಕಾಚಾರವನ್ನು ಎಷ್ಟು ಕೊಂಡಾಡಿದರೋ, ಮೃದಂಗದ ತಗ್ಗು ದನಿಯ ಬಾಯಿಯಾದ ತೊಪ್ಪಿಯ ಮೇಲೆ ಅವರು ಎಬ್ಬಿಸುತ್ತಿದ್ದ ಗುಮ್ಕಿ ಎಂಬ ಬಾಗುವ ನಾದವನ್ನೂ ಅಷ್ಟೇ ಕೊಂಡಾಡಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡ ತಬಲಗಾರ ಜಾಕಿರ್ ಹುಸೇನರ ಡಗ್ಗಾ ನೆನಪಿಸಿಕೊಳ್ಳಿ. ಅಂಗೈ ಬುಡವನ್ನು ಒತ್ತಿ ಜಾರಿಸಿದರೆ ಸಾಕು, ಅದು ಮಾತೇ ಆಡುತ್ತಿತ್ತು. ಒಂದು ಕೈ ಲೆಕ್ಕ ಹೇಳುತ್ತದೆ, ಇನ್ನೊಂದು ಕೈ ಭಾವ ಹೇಳುತ್ತದೆ. ಕಚೇರಿಯಲ್ಲಿ ಮಹಾವಿದ್ವಾಂಸರು ಅಲ್ಲೊಂದು ಇಲ್ಲೊಂದು ರತ್ನದಂತೆ ಇಡುವ ಆ ಬಾಗಿದ ನಾದವನ್ನು ಉರುಮೆಯವರು ಇಡೀ ರಾತ್ರಿ, ನಡೆಯುತ್ತಾ, ಕುಣಿಯುತ್ತಾ, ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ನುಡಿಸುತ್ತಾರೆ.

ಹಾಗೆಂದು ಎಲ್ಲರದೂ ಒಂದೇ ಗುಟುರಲ್ಲ. ಸಾಲಾಗಿ ನಿಂತ ಉರುಮೆಗಳ ಮುಂದೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿಕೊಂಡರೆ ಒಂದೊಂದು ಕೈಯೂ ಬೇರೆಯಾಗಿ ಕೇಳತೊಡಗುತ್ತದೆ. ಒಬ್ಬ ಹಿರಿಯರದು ಕಡಿಮೆ ಮಾತಿನ ಕೈ. ಎರಡು ಪೆಟ್ಟಿನ ನಡುವೆ ಜಾಗ ಬಿಟ್ಟು, ಇನ್ನೇನು ತಾಳ ತಪ್ಪಿತು ಎನ್ನುವಷ್ಟರಲ್ಲಿ ಉದ್ದನೆಯ ಒಂದೇ ಎಳೆತ ಎಳೆಯುತ್ತಾರೆ. ಅದು ಸರಿಯಾಗಿ ದೇವರು ಹೊರುವವರ ಹೆಜ್ಜೆಯ ಮೇಲೆ ಬಂದು ಇಳಿಯುತ್ತದೆ. ಪಕ್ಕದ ಹುಡುಗನದು ತುಂಡುತುಂಡು ಉಜ್ಜಾಟ, ಉರ್-ಉರ್-ಉರ್ ಎಂದು ಕೆರಳಿಸುವ ಶೈಲಿ. ಕುಣಿಯುವವರು ಅವನ ಮುಂದೆಯೇ ಗುಂಪುಗೂಡುತ್ತಾರೆ. ಮತ್ತೊಬ್ಬರು ಬಾಗಿದ ಕಡ್ಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಒಯ್ಯುತ್ತಾ ಒಂದೇ ಉಸಿರಿನ ಎಳೆತದಲ್ಲಿ ದನಿಯ ಬಣ್ಣವನ್ನೇ ಬದಲಿಸಿಬಿಡುತ್ತಾರೆ. ಪಾಠಶಾಲೆಯಿಲ್ಲ, ಬರೆದಿಟ್ಟ ಜತಿಯಿಲ್ಲ. ಅಪ್ಪನ ಹಿಂದೆಯೋ ಮಾವನ ಹಿಂದೆಯೋ ತಿರುಗಿ ಕಲಿತದ್ದು. ಆದರೂ ಪ್ರತಿಯೊಬ್ಬರದೂ ಇಷ್ಟು ಖಚಿತವಾಗಿ ಅವರವರದೇ ಆದ ದನಿ!

ಇನ್ನು ತಮಟೆ. ಅದಿಲ್ಲದೆ ಉರುಮೆ ಒಂಟಿ. ಮೇಳ ಹೊರಡುವ ಮುಂಚೆ ಹುಲ್ಲಿಗೋ ಸೌದೆಪುಳ್ಳೆಗೋ ಬೆಂಕಿ ಹಾಕಿ ತಮಟೆ ಕಾಯಿಸುವುದನ್ನು ನೋಡಬೇಕು. ಕಾವಿಗೆ ಹಿಡಿದು ತಿರುಗಿಸುತ್ತಾ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ದನಿ ಇನ್ನೂ ಮಂದ, ಮತ್ತೆ ಕಾವಿಗೆ. ತಟ್ಟಿದರೆ ಠಣ್ ಎನ್ನಬೇಕು. ಒಂದು ಗಳಿಗೆ ಹೆಚ್ಚಾದರೆ ಚರ್ಮ ಸೀಳೀತು, ಕಡಿಮೆಯಾದರೆ ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಸದ್ದು ಕೂತೀತು. ಒಲೆಯ ಮುಂದಿನ ಅಜ್ಜಿ ರೊಟ್ಟಿ ಬೆಂದದ್ದನ್ನು ಅರಿಯುವ ಹಾಗೆ ಅವರು ಚರ್ಮದ ಹದ ಅರಿಯುತ್ತಾರೆ. ಆಮೇಲೆ ದಪ್ಪ ಕಡ್ಡಿ, ಸಣ್ಣ ಕಡ್ಡಿ ಎರಡೂ ಕೂಡಿ ಜಗ್ಗಣಕ ಜಗ್ಗಣಕ ಎಂದು ಹೊಡೆತ ಎದ್ದರೆ ನಿಂತ ಕಾಲು ನಿಲ್ಲುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿತ್ತು. ಊರಲ್ಲಿ ಸಾರುವುದಕ್ಕೆ, ಸಾವಿಗೆ, ಮಾರಮ್ಮನ ಹಬ್ಬಕ್ಕೆ ಕರೆಯುವ ವಾದ್ಯ ಎಂದು ದೂರ ಇಟ್ಟಿದ್ದ ತಮಟೆ ರಾಷ್ಟ್ರಪತಿ ಭವನದವರೆಗೆ ನಡೆದುಹೋಗಿತ್ತು.

ದೂರ ಇಟ್ಟದ್ದು ವಾದ್ಯವನ್ನು ಮಾತ್ರ ಅಲ್ಲ. ಈ ಸೀಮೆಯಲ್ಲಿ ತಮಟೆ, ಉರುಮೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಹೆಚ್ಚಿನವರು ಮಾದಿಗ ಸಮುದಾಯದವರು. ಚರ್ಮ ಹದ ಮಾಡುವ ಅರಿವೂ ಅವರದೇ, ಅದನ್ನು ನುಡಿಸುವ ಪ್ರತಿಭೆಯೂ ಅವರದೇ. ಅವರ ವಾದ್ಯ ಮೊಳಗದೆ ದೇವರು ಗುಡಿಯಿಂದ ಹೆಜ್ಜೆ ಕಿತ್ತಿಡುವುದಿಲ್ಲ, ಅವರನ್ನು ಮಾತ್ರ ಎಷ್ಟೋ ಊರುಗಳಲ್ಲಿ ಗುಡಿಯ ಹೊರಗೇ ನಿಲ್ಲಿಸಲಾಯಿತು. ಇದನ್ನು ಹೇಳದೆ ಅವರ ಕೈಚಳಕವನ್ನಷ್ಟೇ ಹೊಗಳಿದರೆ ಆ ಹೊಗಳಿಕೆ ಸುಳ್ಳಾಗುತ್ತದೆ. ಇಂಥ ತಾರತಮ್ಯದ ವಿರುದ್ಧ ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರ ಹರಿಹರ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆ ಚಳವಳಿಯ ಹಾಡುಗಳ ಜೊತೆ ತಮಟೆ ವೇದಿಕೆ ಹತ್ತಿದಾಗ ಅದೇ ಚರ್ಮ, ಅದೇ ಕಡ್ಡಿ. ನುಡಿಸುವವರು ಮಾತ್ರ ಈಗ ತಲೆಯೆತ್ತಿ ಜನರ ಕಣ್ಣಲ್ಲಿ ಕಣ್ಣಿಟ್ಟು ನುಡಿಸುತ್ತಿದ್ದರು.

ಹೊಸದುರ್ಗ, ಹೊಳಲ್ಕೆರೆ ಕಡೆ ಹೊರಳಿದರೆ ನಾದವೇ ಬೇರೆ. ವೀರಭದ್ರನ ಗುಡಿಗಳ ಮುಂದೆ ವೀರಗಾಸೆ, ಅದಕ್ಕೆ ಸೊಂಟಕ್ಕೆ ಕಟ್ಟಿಕೊಂಡ ಸಮಾಳದ ಜೋಡಿ. ಒಡಪು ಹೇಳುವವರ ದನಿ ನಿಂತ ತಕ್ಷಣ ಸಮಾಳ ಚಟಚಟನೆ ಸಿಡಿಯುತ್ತದೆ. ಬೀರದೇವರ ಗುಡಿಗಳ ಮುಂದೆ ಡೊಳ್ಳು. ಒಂದು ಕಡೆ ಕೋಲು, ಇನ್ನೊಂದು ಕಡೆ ಬರಿಗೈ. ಅಷ್ಟು ಭಾರ ಹೊತ್ತು ನೆಗೆಯುವವರ ಮೊಣಕಾಲನ್ನು ನೋಡುತ್ತಾ ತಾಳವನ್ನೇ ಮರೆಯುತ್ತೇನೆ.

ಮತ್ತೆ ಉರುಮೆಗೇ ಬರುತ್ತೇನೆ, ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಬಂಡೆಗಳ ನಡುವೆ ಚಪ್ಪಾಳೆ ತಟ್ಟಿ ನೋಡಿದವರಿಗೆ ಗೊತ್ತು, ಅಲ್ಲಿ ಸದ್ದು ಒಂದೇ ಸಲಕ್ಕೆ ಸಾಯುವುದಿಲ್ಲ. ಇದೇ ಕೋಟೆಯ ಒನಕೆ ಓಬವ್ವನ ಕಥೆಯಲ್ಲಿ ಅವಳ ಗಂಡ ಮುದ್ದಹನುಮ ಕಾವಲಿನ ಕಹಳೆಯವನು. ಊರು ಉಳಿಯುವುದೂ ಅಳಿಯುವುದೂ ಒಂದು ವಾದ್ಯದ ಕೂಗಿನ ಮೇಲೆ ನಿಂತಿದ್ದ ಕಾಲ ಅದು. ಕಲ್ಲು, ಕುರುಚಲು, ಬಯಲು ಇರುವ ಈ ನಾಡಿನಲ್ಲಿ ದನಿ ದೂರ ಹೋಗಬೇಕು. ತಮಟೆಯ ಚೂಪು ಸದ್ದು ಹತ್ತಿರದವರನ್ನು ಕುಣಿಸಿದರೆ, ಉರುಮೆಯ ದಪ್ಪ ದನಿ ಮನೆಯ ಗೋಡೆಗಳನ್ನು ಬಳಸಿಕೊಂಡು ಹಿಂದಿನ ಬೀದಿಯಲ್ಲಿ ಮಲಗಿದವರನ್ನೂ ಎಬ್ಬಿಸುತ್ತದೆ. ತಗ್ಗಿನ ದನಿಗೆ ಅಡ್ಡಿಯನ್ನು ಬಳಸಿ ಹೋಗುವ ಗುಣ ಇದೆ. ಉರುಮೆ ಮಾಡಿದವರು ಇದನ್ನು ಯಾವ ಪುಸ್ತಕವೂ ಇಲ್ಲದೆ ಕಿವಿಯಿಂದಲೇ ಕಂಡುಕೊಂಡಿದ್ದರು!

ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವ ಬರುತ್ತದೆ. ಹೋದರೆ ತೇರಿನ ಜೊತೆಗೇ ಓಡಬೇಡಿ, ಉರುಮೆಯ ಮೇಳ ಎಲ್ಲಿದೆ ಎಂದು ಹುಡುಕಿ, ಎಡಬದಿಗೆ ಹೋಗಿ ನಿಲ್ಲಿ. ಬಾಗಿದ ಕಡ್ಡಿ ಹಿಡಿದ ಆ ಮಣಿಕಟ್ಟನ್ನೇ ನೋಡಿ. ಮೊದಲು ಅದು ಸುಮ್ಮನೆ ಹೋಗಿ ಬರುತ್ತಿದೆ ಎನಿಸುತ್ತದೆ. ಸ್ವಲ್ಪ ಹೊತ್ತಿಗೆ ಒತ್ತುವುದು ಯಾವುದು, ಸಡಿಲಿಸುವುದು ಯಾವುದು ಎಂದು ತಿಳಿಯುತ್ತದೆ. ಆಮೇಲೆ, ದನಿ ಏರುವುದಕ್ಕೆ ಅರೆಕ್ಷಣ ಮೊದಲೇ, ಈಗ ಏರುತ್ತದೆ ಎಂದು ನಿಮಗೇ ಗೊತ್ತಾಗತೊಡಗುತ್ತದೆ. ನುಡಿಸುವವರು ಬಿಡುವು ಮಾಡಿಕೊಂಡಾಗ ಹೆಸರು ಕೇಳಿ, ಯಾರಿಂದ ಕಲಿತಿರಿ ಎಂದು ಕೇಳಿ, ಒಂದು ಲೋಟ ಚಹಾ ಕೊಡಿಸಿ, ಆ ಎಳೆತವನ್ನು ಇನ್ನೊಂದು ಸಲ ಎಳೆಯಿರಿ ಅಣ್ಣಾ ಎಂದು ಕೇಳಿಕೊಳ್ಳಿ.